ಚೀಟಿಗೂ ಒಂದು ಆಯುಸ್ಸು
(ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳೆಯ ಮನೆಗಳಲ್ಲಿ ಬಾಗಿಲ ಹಿಂದಿನ ಮೊಳೆಗೆ ಒಂದು ತಂತಿ ತೂಗುತ್ತಿತ್ತು. ಅದರ ಕೆಳತುದಿಗೆ ಮರದ ಬಿಲ್ಲೆ, ಮೇಲ್ತುದಿ ಕೊಕ್ಕೆಯಂತೆ ಬಾಗಿದ ಚೂಪು. ಮನೆಗೆ ಬಂದ ಕಾಗದವೆಲ್ಲ ಆ ಚೂಪಿಗೆ ಚುಚ್ಚಿಕೊಂಡು ಕೆಳಗಿಳಿಯುತ್ತಿತ್ತು. ಸೊಸೈಟಿಯ ರಸೀದಿ, ಕಂದಾಯದ ಚೀಟಿ, ವಿದ್ಯುತ್ ಬಿಲ್ಲು, ಕಿರಾಣಿ ಅಂಗಡಿಯ ಲೆಕ್ಕ, ಸೋಪಿನ ಪೊಟ್ಟಣದಿಂದ ಕತ್ತರಿಸಿದ ಕೂಪನ್ನು ಎಲ್ಲಕ್ಕೂ ಅದೊಂದೇ ಜಾಗ. ಶೃಂಗೇರಿ ತಾಲ್ಲೂಕಿನ ಬೇಗಾರಿನ ಯಾವುದಾದರೂ ಅಡಿಕೆ ತೋಟದ ಮನೆಯಲ್ಲಿ ಇಂದಿಗೂ ಅಂಥ ತಂತಿಯೊಂದು ಕಂಡರೆ ಅಚ್ಚರಿಪಡಬೇಕಿಲ್ಲ.

ಈ ತಂತಿ ಬಹಳ ಒಳ್ಳೆಯ ಸಾಧನ. ಕಾಗದ ಕಳೆಯುವುದಿಲ್ಲ, ಗಾಳಿಗೆ ಹಾರುವುದಿಲ್ಲ, ಇಲಿಗೂ ಸುಲಭವಾಗಿ ಸಿಕ್ಕುವುದಿಲ್ಲ. ಆದರೆ ಅದಕ್ಕೊಂದು ದೋಷವಿದೆ. ನಿನ್ನೆ ಬಂದ ಚೀಟಿ ಮೇಲಿರುತ್ತದೆ, ಮೂರು ತಿಂಗಳ ಹಿಂದೆ ಬಂದದ್ದು ಕೆಳಗಿರುತ್ತದೆ. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವನ್ನೆಲ್ಲ ಕಳಚಬೇಕು, ಇಲ್ಲವೇ ಹರಿಯಬೇಕು. ಹಣ ಕಟ್ಟಿದ ರಸೀದಿಗೆ ಇದರಿಂದ ತೊಂದರೆಯಿಲ್ಲ; ಅದು ಹತ್ತು ವರ್ಷ ಕಳೆದರೂ ರಸೀದಿಯೇ. ಕೂಪನ್ನಿನ ಸಂಗತಿ ಹಾಗಲ್ಲ. ಅದಕ್ಕೆ ಆಯುಸ್ಸಿದೆ. ಮೊದಲು ಸಾಯುವ ಚೀಟಿಯೇ ಎಲ್ಲಕ್ಕಿಂತ ಕೆಳಗೆ ಹೂತುಹೋಗುತ್ತದೆ. ಮನೆವಾರ್ತೆಯಲ್ಲಿ ಚೀಟಿಗಳಿಂದ ಉಳಿತಾಯ ಮಾಡುವ ವಿದ್ಯೆಯ ಮೊದಲ ಪಾಠ ಈ ದೋಷವನ್ನು ಅರಿಯುವುದೇ ಆಗಿದೆ.

ಕತ್ತರಿಸಿದ ಕಾಗದದ ಕತೆ

ಕೂಪನ್ ಎಂಬ ಮಾತು ಫ್ರೆಂಚ್ ಭಾಷೆಯ 'ಕತ್ತರಿಸು' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿತು. ಹಿಂದೆ ಸಾಲಪತ್ರಗಳ ಅಂಚಿನಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಮುದ್ರಿಸುತ್ತಿದ್ದರು. ಬಡ್ಡಿಯ ದಿನ ಬಂದಾಗ ಒಂದು ತುಂಡನ್ನು ಕತ್ತರಿಸಿ ಕೊಟ್ಟರೆ ಬಡ್ಡಿಯ ಹಣ ಕೈಗೆ ಬರುತ್ತಿತ್ತು. ಹುಟ್ಟಿದಾಗಿನಿಂದಲೂ ಕೂಪನ್ನಿಗೆ ತಾರೀಖಿನ ನಂಟು ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ವ್ಯಾಪಾರಿಗಳ ಕೈಗೆ ಅದು ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೋಕಾ-ಕೋಲಾ ಆಗಿನ್ನೂ ಹೊಸ ಪಾನೀಯ. 1880ರ ದಶಕದ ಕೊನೆಯಲ್ಲಿ ಒಂದು ಲೋಟ ಉಚಿತ ಎಂಬ ಚೀಟಿಗಳನ್ನು ಹಂಚಿ ಅದರ ರುಚಿ ಹಿಡಿಸಿದರು. ಮೊದಲ ಲೋಟ ಪುಕ್ಕಟೆ, ಎರಡನೆಯದಕ್ಕೆ ಕಾಸು. ಅಂದಿನಿಂದ ಇಂದಿನವರೆಗೂ ವ್ಯಾಪಾರಿಯ ಕೂಪನ್ನಿನ ಗುಟ್ಟು ಇಷ್ಟೇ.

ಆ ಬಳಿಕ ಯುದ್ಧ ಬಂತು. ಬ್ರಿಟನ್ನಿನಲ್ಲಿ 1940ರ ಜನವರಿ 8ರಂದು ಹಂದಿಮಾಂಸ, ಬೆಣ್ಣೆ, ಸಕ್ಕರೆಗಳಿಗೆ ಪಡಿತರ ಶುರುವಾಯಿತು. 1941ರಲ್ಲಿ ಬಟ್ಟೆಗೂ ಕೂಪನ್ ಬಂತು. ಯುದ್ಧ ಮುಗಿದು ಒಂಬತ್ತು ವರ್ಷವಾದರೂ ಚೀಟಿ ಹೋಗಲಿಲ್ಲ. ಕೊನೆಯ ಕಟ್ಟುಪಾಡು ತೆಗೆದದ್ದು 1954ರ ಜುಲೈ 4ರಂದು. ಆ ಹದಿನಾಲ್ಕು ವರ್ಷ ಅಲ್ಲಿನ ಗೃಹಿಣಿಯರಿಗೆ ಪರ್ಸಿನಲ್ಲಿ ಹಣವಿದ್ದರೆ ಸಾಲದಾಗಿತ್ತು, ಪುಸ್ತಕದಲ್ಲಿ ಚೀಟಿಯೂ ಉಳಿದಿರಬೇಕಿತ್ತು.

ಹೀಗೆ ಒಂದೇ ಹೆಸರಿನ ಎರಡು ಚೀಟಿಗಳು ಹುಟ್ಟಿಕೊಂಡವು. ವ್ಯಾಪಾರಿಯ ಚೀಟಿ 'ಇನ್ನಷ್ಟು ಕೊಳ್ಳು' ಎಂದು ಕರೆಯುತ್ತದೆ. ಸರ್ಕಾರದ ಚೀಟಿ ಇರುವಷ್ಟರಲ್ಲಿ ನಿನ್ನ ಪಾಲು ಇಷ್ಟು ಎಂದು ಹೇಳುತ್ತದೆ. ಮೊದಲನೆಯದು ಆಸೆಯ ಚೀಟಿ, ಎರಡನೆಯದು ಹಕ್ಕಿನ ಚೀಟಿ. ಎರಡನ್ನೂ ಒಂದೇ ತಂತಿಗೆ ಚುಚ್ಚಿದರೆ ಮನೆಯ ಲೆಕ್ಕ ಕೆಡುತ್ತದೆ.

ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನ ಕೆಲಸಗಾರರು ಕೂಡಿ ಒಂದು ಅಂಗಡಿ ತೆರೆದರು. ಕೊಂಡವರೇ ಅಂಗಡಿಯ ಒಡೆಯರು. ಲಾಭ ಬಂದರೆ ಯಾರು ಎಷ್ಟು ಕೊಂಡರೋ ಅದರ ಪ್ರಮಾಣದಲ್ಲಿ ಹಿಂದಿರುಗಿಸುತ್ತಿದ್ದರು. ಆಸೆ ಹುಟ್ಟಿಸುವ ಮಾತೇ ಇಲ್ಲ. ಕೊಟ್ಟದ್ದರಲ್ಲಿ ಮಿಕ್ಕದ್ದು ಹಿಂದಕ್ಕೆ. ಕರ್ನಾಟಕದಲ್ಲಿ ಸಹಕಾರದ ಬೀಜ ಬಿದ್ದದ್ದು 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ. ಅದು ಸಾಲದ ಸಂಘವಾಗಿತ್ತು. ಮಲೆನಾಡಿನ ಅಡಿಕೆ ಬೆಳೆಗಾರರು 1939ರಲ್ಲಿ ಮಾರಾಟಕ್ಕೆಂದು ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಕಟ್ಟಿಕೊಂಡರು. ಅಡಿಕೆ ಮಾರುವುದರಲ್ಲಿ ಕಲಿತ ಒಗ್ಗಟ್ಟನ್ನು ಅಕ್ಕಿ, ಬೇಳೆ, ಸೋಪು ಕೊಳ್ಳುವುದರಲ್ಲಿ ಅಷ್ಟಾಗಿ ಬಳಸಲಿಲ್ಲ ಎಂಬುದು ಮಲೆನಾಡಿನ ಒಂದು ಕೊರತೆಯೇ ಸರಿ.

ಕಂಟ್ರೋಲ್ ಅಂಗಡಿಯಿಂದ ಹೆಬ್ಬೆಟ್ಟಿನವರೆಗೆ

ಹಕ್ಕಿನ ಚೀಟಿಯ ಚರಿತ್ರೆ ಈ ನಾಡಿನಲ್ಲೂ ಯುದ್ಧದೊಂದಿಗೇ ಮೊದಲಾಗುತ್ತದೆ. 1943ರಲ್ಲಿ ಬಂಗಾಳದಲ್ಲಿ ಘೋರ ಕ್ಷಾಮ. ಅದೇ ವರ್ಷ ಮುಂಬಯಿಯಲ್ಲಿ ಪಡಿತರ ಜಾರಿಗೆ ಬಂತು. ಮೈಸೂರು ಸಂಸ್ಥಾನಕ್ಕೂ ಅದು ಹರಡಿತು. 'ಕಂಟ್ರೋಲ್ ಅಂಗಡಿ', 'ರೇಶನ್ನು', 'ಲೆವಿ' ಎಂಬ ಮಾತುಗಳು ಹಳ್ಳಿಯ ಬಾಯಿಗೆ ಬಂದದ್ದು ಆ ಕಾಲದಲ್ಲಿ. ಮಾತು ಹೊಸದಾದರೂ ಭಾವನೆ ಹಳೆಯದು. ಅಳೆದು ಕೊಡುವ ಧಾನ್ಯಕ್ಕೆ ಕನ್ನಡದಲ್ಲಿ 'ಪಡಿ' ಎಂಬ ಹೆಸರಿತ್ತು. ಆ ಪಡಿಯೇ 'ಪಡಿತರ'ದ ಒಳಗೆ ಇಂದಿಗೂ ಕುಳಿತಿದೆ.

1947ರ ಡಿಸೆಂಬರಿನಲ್ಲಿ ನಿಯಂತ್ರಣವನ್ನು ಸಡಿಲಿಸಲಾಯಿತು. ಬೆಲೆ ಏರಿದ್ದರಿಂದ ಮರುವರ್ಷವೇ ಅದು ಮರಳಿತು. 1955ರಲ್ಲಿ ಅಗತ್ಯ ವಸ್ತುಗಳ ಕಾಯಿದೆ, 1965ರಲ್ಲಿ ಭಾರತ ಆಹಾರ ನಿಗಮ, 1973ರಲ್ಲಿ ರಾಜ್ಯದ ಆಹಾರ ಮತ್ತು ನಾಗರಿಕ ಸರಬರಾಜು ನಿಗಮ ಬಂದವು. 1997ರ ಜೂನ್‌ನಲ್ಲಿ ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂದು ಕಾರ್ಡುಗಳನ್ನು ಬೇರ್ಪಡಿಸಲಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪಡಿತರವನ್ನು ಕಾನೂನಿನ ಹಕ್ಕನ್ನಾಗಿ ಮಾಡಿತು. ಆದ್ಯತಾ ಕುಟುಂಬಗಳಲ್ಲಿ ತಲೆಗೆ 5 ಕಿಲೋ, ಅಂತ್ಯೋದಯದ ಕುಟುಂಬಕ್ಕೆ 35 ಕಿಲೋ ಧಾನ್ಯ ಎಂದು ನಿಗದಿಯಾಯಿತು. ಮನೆಯಲ್ಲಿರುವ 18 ವರ್ಷ ತುಂಬಿದ ಹಿರಿಯ ಹೆಣ್ಣುಮಗಳೇ ಕಾರ್ಡಿನ ಮಟ್ಟಿಗೆ ಕುಟುಂಬದ ಯಜಮಾನಿ ಎಂದೂ ಅದೇ ಕಾಯಿದೆ ಹೇಳಿತು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯೂ ಪಡಿತರ ಚೀಟಿಯಲ್ಲಿನ ಯಜಮಾನಿಯ ಹೆಸರನ್ನೇ ಹಿಡಿದು ಬಂತು. ಅಂದಮೇಲೆ ಆ ಒಂದು ಕಾರ್ಡು ಮನೆಯ ಎಷ್ಟು ಬಾಗಿಲುಗಳ ಬೀಗದಕೈ ಎಂಬುದನ್ನು ಊಹಿಸಬಹುದು.

ಕರ್ನಾಟಕದ ಅನ್ನಭಾಗ್ಯದ ನಡೆಯನ್ನೇ ನೋಡಿ. 2013ರ ಜುಲೈನಲ್ಲಿ ಕಿಲೋಗೆ 1 ರೂಪಾಯಿಯಂತೆ ಅಕ್ಕಿ. 2015ರ ಮೇ ತಿಂಗಳಿಂದ ಉಚಿತ. 2017ರಲ್ಲಿ ತಲೆಗೆ 7 ಕಿಲೋ. 2023ರ ಜುಲೈನಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ. 2025ರ ಫೆಬ್ರವರಿಯಿಂದ ಹಣದ ಬದಲು ಮತ್ತೆ ಅಕ್ಕಿ. ಹನ್ನೆರಡು ವರ್ಷದೊಳಗೆ ಇಷ್ಟು ಬದಲಾವಣೆ. ಹೋದ ವರ್ಷದ ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ಈ ವರ್ಷ ಅಂಗಡಿಗೆ ಹೋದವರು ತಮ್ಮ ಪಾಲನ್ನು ತಾವೇ ತಿಳಿಯದೆ ಹಿಂದಿರುಗಬಹುದು.

ನಡುವೆ 2016ರಲ್ಲಿ ನಿಜವಾದ ಕೂಪನ್ನೇ ಬಂದಿತ್ತು. ಕಾರ್ಡುದಾರರು ಸೇವಾ ಕೇಂದ್ರಕ್ಕೆ ಹೋಗಿ ಬೆರಳ ಗುರುತು ಕೊಟ್ಟು ಕೂಪನ್ ಪಡೆದು, ಅದನ್ನು ನ್ಯಾಯಬೆಲೆ ಅಂಗಡಿಗೆ ಒಪ್ಪಿಸಿ ಧಾನ್ಯ ತರಬೇಕಿತ್ತು. ಅಂಗಡಿಯಲ್ಲಿ ಸುಳ್ಳು ಲೆಕ್ಕ ಬರೆಯುವುದನ್ನು ತಡೆಯುವುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಒಂದು ಸಾಲಿನಲ್ಲಿ ನಿಲ್ಲುತ್ತಿದ್ದವರು ಎರಡು ಸಾಲಿನಲ್ಲಿ ನಿಲ್ಲಬೇಕಾಯಿತು. ದಿನಗೂಲಿಯವರಿಗೆ ಒಂದು ಸಾಲೆಂದರೆ ಅರ್ಧ ದಿನದ ಸಂಬಳ. ಆ ಪದ್ಧತಿ ಬಹುಕಾಲ ಬಾಳಲಿಲ್ಲ. ಬೆರಳ ಗುರುತಿನ ಯಂತ್ರ ಅಂಗಡಿಯೊಳಕ್ಕೇ ಬಂತು. ಚೀಟಿಯಿಂದ ಆಗುವ ಉಳಿತಾಯವನ್ನು ಲೆಕ್ಕ ಹಾಕುವಾಗ ಅದಕ್ಕಾಗಿ ಕಳೆದುಕೊಂಡ ದಿನವನ್ನೂ ಕಳೆಯಬೇಕು ಎಂಬುದು ಆ ಪ್ರಯೋಗ ಕಲಿಸಿದ ಪಾಠ.

ಮಳೆಗಾಲದ ಮನೆವಾರ್ತೆ

ಬೇಗಾರಿನಂಥ ಊರಿನಲ್ಲಿ ಉಳಿತಾಯದ ಲೆಕ್ಕ ಬೆಂಗಳೂರಿನ ಲೆಕ್ಕದಂತಲ್ಲ. ಇಲ್ಲಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳಿಗೆ ಬೇಕಾದದ್ದನ್ನು ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳುವುದು ಮಲೆನಾಡಿನ ರೂಢಿ. ಹಲಸಿನ ಹಪ್ಪಳ ಒಣಗಿಸಬೇಕು, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಬೇಕು, ಸೌದೆಯನ್ನು ಕೊಟ್ಟಿಗೆಗೆ ಸೇರಿಸಬೇಕು, ಉಪ್ಪು ಬೆಲ್ಲ ಬೇಳೆ ತರಿಸಬೇಕು.

ಹಣ ಬರುವ ಕಾಲವೂ ಬೇರೆ. ಅಡಿಕೆ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋದ ಮೇಲೆ ಕೈಗೆ ದುಡ್ಡು. ಖರ್ಚು ಮಾತ್ರ ವರ್ಷವಿಡೀ. ಅದಕ್ಕಾಗಿಯೇ ಕಿರಾಣಿ ಅಂಗಡಿಯಲ್ಲಿ ಉದ್ರಿ ಲೆಕ್ಕ, ಫಸಲು ಬಂದಾಗ ತೀರುವಳಿ. ಉದ್ರಿಯಲ್ಲಿ ಕೊಳ್ಳುವವರು ಬೆಲೆಯ ಮೇಲೆ ಚೌಕಾಸಿ ಮಾಡುವುದು ಕಷ್ಟ. ರಿಯಾಯಿತಿ ಚೀಟಿಗಳು ಹೆಚ್ಚಾಗಿ ನಗದಿನ ಗಿರಾಕಿಗೆ ಒದಗುತ್ತವೆ. ಕೂಪನ್ನಿನ ಲಾಭ ನಿಜವಾಗಿ ಬೇಕಾದ ಮನೆಗೇ ಅದು ಕಡಿಮೆ ದಕ್ಕುತ್ತದೆ ಎಂಬ ಮಾತು ಇಲ್ಲಿ ಹೇಳಬೇಕಾದದ್ದೇ. ಅಡಿಕೆಯ ಹಣ ಬಂದ ತಿಂಗಳಲ್ಲಿ ಒಂದಿಷ್ಟನ್ನು 'ನಗದು ಸಾಮಾನಿಗೆ' ಎಂದು ಬೇರೆ ಡಬ್ಬಿಯಲ್ಲಿಟ್ಟರೆ, ಮಳೆಗೆ ಮುಂಚಿನ ದೊಡ್ಡ ಖರೀದಿಯನ್ನು ನಗದಿನಲ್ಲಿ ಮಾಡಬಹುದು. ನೂರು ಕೂಪನ್ನು ಕೂಡಿಸುವುದಕ್ಕಿಂತ ಇದರಿಂದ ಹೆಚ್ಚು ಉಳಿಯುವ ಮನೆಗಳಿವೆ.

ಇನ್ನು ಚೀಟಿಗಳನ್ನು ಇಡುವ ಕ್ರಮ. ಇದಕ್ಕೆ ಹೊಸ ವಿದ್ಯೆ ಬೇಡ. ಮಲೆನಾಡಿನ ಅಡುಗೆಮನೆಗೆ ಇದು ಗೊತ್ತಿದೆ. ಕಣಜದಲ್ಲಿ ಹಳೆಯ ಅಕ್ಕಿ ತೀರಿದ ಮೇಲೆ ಹೊಸದಕ್ಕೆ ಕೈ ಹಾಕುತ್ತಾರೆ. ಎರಡು ಜಾಡಿ ಉಪ್ಪಿನಕಾಯಿ ಇದ್ದರೆ ಮೊದಲು ಕೆಡುವ ಜಾಡಿಯನ್ನು ಮೊದಲು ತೆರೆಯುತ್ತಾರೆ. ಚೀಟಿಗೂ ಅದೇ ನ್ಯಾಯ. ಬಂದ ದಿನದಂತೆ ಜೋಡಿಸಬಾರದು, ಮುಗಿಯುವ ದಿನದಂತೆ ಜೋಡಿಸಬೇಕು.

ಮೂರು ಲಕೋಟೆ ಸಾಕು. ಹಳೆಯ ಮದುವೆ ಕರೆಯೋಲೆಯ ಲಕೋಟೆಯಾದರೂ ಆದೀತು. ಮೊದಲನೆಯದು ಹಕ್ಕಿನ ಲಕೋಟೆ: ಪಡಿತರ ಚೀಟಿ, ಗ್ಯಾಸಿನ ಪುಸ್ತಕ, ಆಧಾರ್ ಪ್ರತಿ, ಸೊಸೈಟಿಯ ಷೇರು ರಸೀದಿ. ಇದನ್ನು ಎಂದಿಗೂ ಬೇರೆಯದರೊಂದಿಗೆ ಬೆರೆಸಬಾರದು. ಎರಡನೆಯದು ಈ ತಿಂಗಳು ಮುಗಿಯುವ ಕೂಪನ್ನುಗಳದು. ಮೂರನೆಯದು ಮುಂದೆ ಮುಗಿಯುವವು. ಅದರೊಳಗೆ ಬೇಗ ಮುಗಿಯುವುದು ಮೇಲೆ, ತಡವಾಗಿ ಮುಗಿಯುವುದು ಕೆಳಗೆ. ಪ್ರತಿ ಚೀಟಿಯ ಮೇಲೆ ಕೊನೆಯ ತಾರೀಖನ್ನು ದೊಡ್ಡದಾಗಿ ಬರೆಯಬೇಕು, ಏಕೆಂದರೆ ಕಂಪೆನಿಯವರು ಅದನ್ನು ಅತಿ ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತಾರೆ. ತಿಂಗಳ ಮೊದಲ ದಿನ ಮೂರನೆಯದರಿಂದ ಎರಡನೆಯದಕ್ಕೆ ಚೀಟಿ ಬದಲಿಸಿದರೆ ಕೆಲಸ ಮುಗಿಯಿತು. ಮಳೆಗಾಲದಲ್ಲಿ ಕಾಗದ ಬೂಸಲು ಹಿಡಿಯುವುದರಿಂದ ಲಕೋಟೆಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಒಲೆಗೆ ಸಮೀಪದ ಗೂಡಿನಲ್ಲಿಡುವುದು ಒಳ್ಳೆಯದು.

ಉಳಿದದ್ದೆಷ್ಟು, ಹೋದದ್ದೆಷ್ಟು

ಚೀಟಿ ಕೂಡಿಡುವುದು ಬೇರೆ, ಹಣ ಉಳಿಸುವುದು ಬೇರೆ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಿ. ಬಟ್ಟೆ ಒಗೆಯುವ ಪುಡಿಯ ಅರ್ಧ ಕಿಲೋ ಪೊಟ್ಟಣಕ್ಕೆ 66 ರೂಪಾಯಿ. ಮೂರು ಪೊಟ್ಟಣ ಕೊಂಡರೆ 15 ರೂಪಾಯಿ ರಿಯಾಯಿತಿ ಎಂಬ ಕೂಪನ್ನಿದೆ. ಮೂರಕ್ಕೆ 198 ರೂಪಾಯಿ. ಕೂಪನ್ ಕೊಟ್ಟರೆ 183. ಅಂದರೆ ಕಿಲೋಗೆ 122 ರೂಪಾಯಿ ಬಿತ್ತು. ಅದೇ ಪುಡಿಯ ಒಂದು ಕಿಲೋ ಪೊಟ್ಟಣ ಕೂಪನ್ನೇ ಇಲ್ಲದೆ 118 ರೂಪಾಯಿಗೆ ಸಿಕ್ಕುತ್ತಿದ್ದರೆ, ಹದಿನೈದು ರೂಪಾಯಿ ಉಳಿಸಿದ ಸಂತೋಷದಲ್ಲಿ ಮನೆಯವರು ಕಿಲೋಗೆ 4 ರೂಪಾಯಿ ಹೆಚ್ಚು ತೆತ್ತಂತಾಯಿತು. ಮೇಲಾಗಿ ಮಳೆಗಾಲದಲ್ಲಿ ಮೂರನೆಯ ಪೊಟ್ಟಣ ಗಟ್ಟಿಕಟ್ಟಿ ಕೂತಿರುತ್ತದೆ.

ಆದ್ದರಿಂದ ನೋಡಬೇಕಾದದ್ದು ರಿಯಾಯಿತಿಯ ಅಂಕಿಯನ್ನಲ್ಲ, ಕಿಲೋಗೆ ಅಥವಾ ಲೀಟರಿಗೆ ಬೀಳುವ ಬೆಲೆಯನ್ನು. ಪೊಟ್ಟಣದ ಮೇಲೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವ ಪದ್ಧತಿ 1990ರಿಂದ ಬಂತು. ಈಗ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಎಂಬ ಏಕಮಾನದ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಕನ್ನಡಕ ಹಾಕಿಕೊಂಡಾದರೂ ಅದನ್ನು ಓದುವ ಗೃಹಿಣಿ ಯಾವ ಕೂಪನ್ನಿಗೂ ಮೋಸ ಹೋಗಲಾರಳು.

ಊರಿನಿಂದ ಊರಿಗೆ ಹೋಗುವ ಖರ್ಚೂ ಲೆಕ್ಕಕ್ಕೆ ಸೇರಬೇಕು. ಮೂವತ್ತು ರೂಪಾಯಿಯ ಕೂಪನ್ನಿಗಾಗಿ ಬೇಗಾರಿನಿಂದ ಕೊಪ್ಪಕ್ಕೆ ಹೋಗಿಬಂದರೆ ಬಸ್ಸಿನ ಚಾರ್ಜೇ ಅದನ್ನು ನುಂಗೀತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚು ತಪ್ಪಿಸಿತು. ಖಾಸಗಿ ಬಸ್ಸಿನ ದಾರಿಗಳಿಗೆ ಅದು ಅನ್ವಯಿಸಲಿಲ್ಲ. ಈ ಸೀಮೆಯವರಿಗೆ ಕೊಪ್ಪದ 'ಸಹಕಾರ ಸಾರಿಗೆ'ಯ ನೆನಪು ಮಾಸಿರಲಾರದು. ಕೆಲಸ ಕಳೆದುಕೊಂಡ ಕಾರ್ಮಿಕರೇ ಕೂಡಿ 1991ರಲ್ಲಿ ಆರಂಭಿಸಿದ ಬಸ್ ಸಂಸ್ಥೆ ಅದು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟು, ಕಾಡಿನ ಊರುಗಳನ್ನು ಪೇಟೆಗೆ ಜೋಡಿಸಿದ ಆ ಬಸ್ಸುಗಳು 2020ರಲ್ಲಿ ನಿಂತವು. ಪಾಸು ಎಂಬುದೂ ಒಂದು ಕೂಪನ್ನೇ. ಕೊಟ್ಟ ಸಂಸ್ಥೆ ಬದುಕಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಅಗ್ಗದ ಸಾಮಾನಿಗಾಗಿ ಊರಿನ ಅಂಗಡಿಯನ್ನೂ ಸೊಸೈಟಿಯನ್ನೂ ಪೂರಾ ತೊರೆದ ಊರು ಒಂದು ದಿನ ಎರಡನ್ನೂ ಕಳೆದುಕೊಂಡು, ಉಪ್ಪಿಗೂ ಪೇಟೆಗೆ ಓಡಬೇಕಾಗುತ್ತದೆ.

ಚಹಾಪುಡಿಯ ಪೊಟ್ಟಣದ ಚೀಟಿ ಕೂಡಿಸಿ ಸ್ಟೀಲಿನ ಲೋಟ, ಸೋಪಿನ ಹೊದಿಕೆ ಕೂಡಿಸಿ ಬಾಚಣಿಗೆ ಪಡೆದ ದಿನಗಳನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಹತ್ತು ಚೀಟಿ ಬೇಕಾದಲ್ಲಿ ಎಂಟು ಕೂಡಿ, ಉಳಿದೆರಡಕ್ಕಾಗಿ ಬೇಡದ ಎರಡು ಪೊಟ್ಟಣ ಕೊಂಡವರೂ ಇದ್ದಾರೆ. ಉಡುಗೊರೆಯ ಬೆಲೆಯನ್ನು ಸಾಮಾನಿನ ಬೆಲೆಯಲ್ಲೇ ಸೇರಿಸಿ 'ಉಚಿತ' ಎನ್ನುವುದು ತಪ್ಪೆಂದು 1984ರಲ್ಲೇ ಏಕಸ್ವಾಮ್ಯ ತಡೆ ಕಾಯಿದೆಗೆ ತಿದ್ದುಪಡಿ ಬಂತು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ, ಅದರ ಜಾಗಕ್ಕೆ ಬಂದ 2019ರ ಕಾಯಿದೆಯೂ ಆ ಕಾವಲನ್ನು ಮುಂದುವರಿಸಿದವು. ಕೊಟ್ಟ ಮಾತಿನಂತೆ ಉಡುಗೊರೆ ಕೊಡದಿದ್ದರೆ ಗ್ರಾಹಕರು ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಆದರೆ ದೂರಿಗೆ ಆಧಾರ ಬೇಕು. ಬಿಲ್ಲು ಮತ್ತು ಚೀಟಿಯ ಪ್ರತಿ ಇಟ್ಟುಕೊಂಡವರ ಮಾತಿಗೆ ಅಲ್ಲಿ ತೂಕ ಹೆಚ್ಚು.

ಕಾಗದವಿಲ್ಲದ ಚೀಟಿ

ಈಗ ಚೀಟಿ ಕಾಗದದಿಂದ ಫೋನಿಗೆ ಹೋಗಿದೆ. ರಿಯಾಯಿತಿಯ ಸಂಕೇತ ಸಂದೇಶದಲ್ಲಿ ಬರುತ್ತದೆ, ಪಡಿತರದ ಪಾಲು ಬೆರಳ ತುದಿಯಲ್ಲಿದೆ. ಕಳೆದುಹೋಗುವ ಭಯವಿಲ್ಲ ಎನ್ನುತ್ತಾರೆ. ಆದರೆ ಹಳೆಯ ತಂತಿಯ ದೋಷವೇ ಫೋನಿನಲ್ಲೂ ಇದೆ. ಹೊಸ ಸಂದೇಶ ಮೇಲೆ, ಹಳೆಯದು ಕೆಳಗೆ. ಮೊದಲು ಮುಗಿಯುವುದು ಎಲ್ಲೋ ಆಳದಲ್ಲಿ.

ಇದಕ್ಕಿಂತ ದೊಡ್ಡ ಕಷ್ಟ ಬೆರಳಿನದು. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ಗದ್ದೆಯ ಕೆಸರಿನಲ್ಲಿ ದುಡಿದ ಕೈ, ಪಾತ್ರೆ ತಿಕ್ಕಿದ ಕೈ ಸವೆದಿರುತ್ತದೆ. ಯಂತ್ರ ಅಂಥ ಬೆರಳನ್ನು ಒಪ್ಪದಿರಬಹುದು. ಗಾಳಿ ಮಳೆಗೆ ವಿದ್ಯುತ್ ಹೋದರೆ, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿದ್ದರೆ ಯಂತ್ರವೇ ಮೂಕ. ದುಡಿದು ಸವೆದ ಕೈಗೇ 'ನೀನು ನೀನಲ್ಲ' ಎಂದು ಹೇಳುವ ವ್ಯವಸ್ಥೆ ಎಷ್ಟು ಚುರುಕಾಗಿದ್ದರೂ ನ್ಯಾಯದ್ದೆನ್ನಲಾಗದು.

ಇಲ್ಲಿ ಜನರಿಗೆ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಬೆರಳ ಗುರುತು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರದ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕಾಯಿದೆಯಂತೆ ಸಲ್ಲಬೇಕಾದ ಧಾನ್ಯ ಸಲ್ಲದಿದ್ದರೆ ಅದಕ್ಕೆ ಬದಲಾಗಿ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2013ರ ಕಾಯಿದೆಯ 8ನೆಯ ಕಲಮು ಹೇಳುತ್ತದೆ. 'ಇವತ್ತು ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ತಿಂಗಳ ಕೊನೆಯ ದಿನ ಬಂದರೆ ಆ ನಾಳೆ ಮುಂದಿನ ತಿಂಗಳಾಗಿರುತ್ತದೆ. ಆದಕಾರಣ ಪಡಿತರವನ್ನು ತಿಂಗಳ ಮೊದಲ ವಾರದಲ್ಲೇ ತರುವುದು ಜಾಣತನ. ಬರಿಗೈಯಲ್ಲಿ ಮರಳಿದ ದಿನದ ತಾರೀಖನ್ನೂ, ಹೇಳಿದ ಕಾರಣವನ್ನೂ ಹಕ್ಕಿನ ಲಕೋಟೆಯ ಮೇಲೆ ಬರೆದಿಡಬೇಕು. ಬರೆದಿಟ್ಟ ತಾರೀಖು ಅರ್ಜಿಯಾಗುತ್ತದೆ, ಬರೆಯದ್ದು ಗೊಣಗಾಟವಾಗಿಯೇ ಉಳಿಯುತ್ತದೆ.

ಎಲ್ಲ ಮನೆಯಲ್ಲೂ ಓದಬಲ್ಲವರು, ಫೋನ್ ಬಲ್ಲವರು ಇರುವುದಿಲ್ಲ. ಮಕ್ಕಳು ಬೆಂಗಳೂರು ಸೇರಿ, ಇಬ್ಬರು ಹಿರಿಯರಷ್ಟೇ ಉಳಿದ ಮನೆಗಳು ಮಲೆನಾಡಿನಲ್ಲಿ ಹೆಚ್ಚುತ್ತಿವೆ. ಅಂಥ ಮನೆಗಳ ಹಕ್ಕಿನ ಲಕೋಟೆಯನ್ನು ತಿಂಗಳಿಗೊಮ್ಮೆ ನೋಡಿಕೊಡುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಸಂಘವೋ, ಗ್ರಾಮ ಪಂಚಾಯಿತಿಯ ಗ್ರಂಥಾಲಯವೋ ವಹಿಸಿಕೊಂಡರೆ ಅದಕ್ಕೆ ಖರ್ಚೇನೂ ಇಲ್ಲ. ಒಂದು ಗಂಟೆಯ ಬಿಡುವು ಸಾಕು.

ಹದಿನೈದು ರೂಪಾಯಿಯ ಕೂಪನ್ನು ಹೋದರೆ ಹದಿನೈದು ರೂಪಾಯಿ ಹೋಯಿತು, ಅಷ್ಟೆ. ಹಕ್ಕಿನ ಚೀಟಿಯ ದಿನ ತಪ್ಪಿದರೆ ಒಂದು ತಿಂಗಳ ಅನ್ನ ಹೋಗುತ್ತದೆ. ಹಬ್ಬದ ರಿಯಾಯಿತಿಯ ಬಣ್ಣದ ಕಾಗದ ಕಣ್ಣಿಗೆ ಬೀಳುವಂತೆಯೇ ಇರುತ್ತದೆ. ಮಾಸಿದ ಪಡಿತರ ಚೀಟಿ ಕಣ್ಣಿಗೆ ಬೀಳುವುದಿಲ್ಲ. ಮನೆಯ ಉಳಿತಾಯ ನಿಂತಿರುವುದು ಮಾತ್ರ ಆ ಮಾಸಿದ ಕಾಗದದ ಮೇಲೆ.

ಬಾಗಿಲ ಹಿಂದಿನ ತಂತಿಯನ್ನು ಎಸೆಯಬೇಕಿಲ್ಲ. ಕಟ್ಟಿದ ಬಿಲ್ಲು, ಮುಗಿದ ರಸೀದಿಗಳಿಗೆ ಅದು ಇರಲಿ. ಇನ್ನೂ ಆಯುಸ್ಸಿರುವ ಚೀಟಿಯನ್ನು ಮಾತ್ರ ಅದಕ್ಕೆ ಚುಚ್ಚದಿದ್ದರೆ ಸಾಕು. ಈ ಸಂಜೆ ಮನೆಗೆ ಹೋದವರು ಆ ತಂತಿಯನ್ನೊಮ್ಮೆ ಕೆಳಗಿಳಿಸಿ, ತಳದಲ್ಲಿರುವ ಕಾಗದ ಯಾವುದೆಂದು ನೋಡಲಿ. ಅದರ ಕೊನೆಯ ತಾರೀಖು ಇನ್ನೂ ಬಂದಿರದಿದ್ದರೆ, ಈ ಮಾತಿನಿಂದ ಅಷ್ಟಾದರೂ ಲಾಭವಾಯಿತು.